ಬಾಬಿಲೋನಿನ ನದಿಗಳಿಂದ ಕಾವೇರಿಯ ದಡಕ್ಕೆ: ರೆಗೆ ಸಂಗೀತ, 137ನೇ ಕೀರ್ತನೆ ಮತ್ತು ಶ್ರೀರಂಗಪಟ್ಟಣದ ಸೆರೆವಾಸ

ಧರ್ಮಸಭೆಯ ಇತಿಹಾಸದ ಪಾಠದ ಅಂಗವಾಗಿ ದೈವಶಾಸ್ತ್ರದ ವಿದ್ಯಾರ್ಥಿಗಳೊಡನೆ ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ಅಬ್ಬೆ ದುಬ್ವಾ ಅವರ ದೇವಾಲಯಕ್ಕೆ ಹೋಗಿದ್ದೆವು. ಕರಾವಳಿಯ ಕ್ರೈಸ್ತರು ಈ ದ್ವೀಪದಲ್ಲಿ ಕಳೆದ ಹದಿನೈದು ವರ್ಷಗಳ ಸೆರೆವಾಸವನ್ನು ಕುರಿತು ಅಲ್ಲಿಯೇ ಒಂದು ಗಂಟೆ ಪಾಠ ಮಾಡಿದೆ. ಹಿಂದಿರುಗುವಾಗ ಕಾವೇರಿಯ ಸೇತುವೆಯ ಮೇಲೆ ವಾಹನ ನಿಧಾನವಾಯಿತು. ಆಗ ಚಾಲಕರು ಹಾಕಿದ ಹಾಡು ಬೋನಿ ಎಮ್ ತಂಡದ 'ರಿವರ್ಸ್ ಆಫ್ ಬಾಬಿಲೋನ್'. ಬ್ರದರ್‌ಗಳೆಲ್ಲ ಚಪ್ಪಾಳೆ ತಟ್ಟಿ ಹಾಡಿದರು, ನಾನೂ ಹಾಡಿದೆ. ನದಿ, ಸೆರೆ, ಹಾಡು ಮೂರೂ ಕಣ್ಣೆದುರಿಗಿದ್ದರೂ ಅವುಗಳ ನಡುವಣ ಸಂಬಂಧ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾಲ್ಕನೆಯ ವಾರದ ಮಂಗಳವಾರದ ಸಂಧ್ಯಾ ಪ್ರಾರ್ಥನೆಯಲ್ಲಿ 137ನೇ ಕೀರ್ತನೆ ಬಂದಾಗಷ್ಟೇ ನನಗೆ ನಾಚಿಕೆಯಾಯಿತು. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು.

ಆ ಹಾಡು ಬೋನಿ ಎಮ್ ತಂಡದ್ದಲ್ಲ. 1970ರಲ್ಲಿ ಜಮೈಕಾದ ಮೆಲೋಡಿಯನ್ಸ್ ತಂಡದ ಬ್ರೆಂಟ್ ಡೋ ಮತ್ತು ಟ್ರೆವರ್ ಮೆಕ್‌ನಾಟನ್ ಅದನ್ನು ರಚಿಸಿದರು. ಲೆಸ್ಲಿ ಕಾಂಗ್ ಎಂಬ ನಿರ್ಮಾಪಕರು ಧ್ವನಿಮುದ್ರಿಸಿದರು. 137ನೇ ಕೀರ್ತನೆಯ ಆರಂಭವನ್ನೂ 19ನೇ ಕೀರ್ತನೆಯ ಕೊನೆಯ ಬಿನ್ನಹವನ್ನೂ ಅವರು ಒಂದಾಗಿ ಹೆಣೆದರು. ಅದರಲ್ಲಿದ್ದ ರಾಸ್ತಫಾರಿ ಪದಗಳ ಕಾರಣ ಜಮೈಕಾದ ಸರ್ಕಾರ ಅದನ್ನು ರೇಡಿಯೋದಲ್ಲಿ ತಡೆಯಿತೆಂದೂ, ಹಾಡಿನ ಮಾತುಗಳು ಬೈಬಲಿನವೇ ಎಂದು ತೋರಿಸಿಕೊಟ್ಟ ಮೇಲೆ ತಡೆ ಹೋಯಿತೆಂದೂ ಡೋ ಹೇಳಿದ್ದಾರೆ. 1972ರ 'ದ ಹಾರ್ಡರ್ ದೇ ಕಮ್' ಚಲನಚಿತ್ರದ ಮೂಲಕ ಹಾಡು ದ್ವೀಪದಾಚೆ ಹೋಯಿತು. 1978ರಲ್ಲಿ ಬೋನಿ ಎಮ್ ಅದನ್ನು ಕುಣಿತದ ಹಾಡಾಗಿ ಲೋಕಕ್ಕೆಲ್ಲ ಹಂಚಿತು. ಆಗ ಇಥಿಯೋಪಿಯಾದ ಸಾಮ್ರಾಟ ಹೈಲೆ ಸೆಲಾಸಿಯನ್ನು ಸೂಚಿಸುತ್ತಿದ್ದ ಬಿರುದುಗಳನ್ನು ತೆಗೆದು 'ಪ್ರಭು' ಎಂಬ ಸಾಮಾನ್ಯ ಪದವನ್ನಿರಿಸಿದರು. ನಾವು ಸೇತುವೆಯ ಮೇಲೆ ಹಾಡಿದ್ದು ಹೀಗೆ ಹಲ್ಲು ಕಿತ್ತ ಆವೃತ್ತಿಯನ್ನು.

ಗುಲಾಮರಾಗಿ ಆಫ್ರಿಕಾದಿಂದ ತರಲ್ಪಟ್ಟವರ ಮೊಮ್ಮಕ್ಕಳು ಬೈಬಲನ್ನು ತಮ್ಮ ಒಡೆಯರಿಂದಲೇ ಪಡೆದರು, ಆದರೆ ಒಡೆಯರಂತೆ ಓದಲಿಲ್ಲ. 1838ರಲ್ಲಿ ಗುಲಾಮಗಿರಿ ಪೂರ್ಣವಾಗಿ ಕೊನೆಗೊಂಡರೂ ಭೂಮಿ, ಪೊಲೀಸು, ನ್ಯಾಯಾಲಯಗಳು ಕೈ ಬದಲಾಯಿಸಲಿಲ್ಲ. 1845ರಿಂದ ಆ ತೋಟಗಳಿಗೆ ನಮ್ಮ ದೇಶದ ಜೀತದಾಳುಗಳನ್ನೂ ಹಡಗಿನಲ್ಲಿ ಸಾಗಿಸಲಾಯಿತು. 1930ರ ನವೆಂಬರ್ 2ರಂದು ಹೈಲೆ ಸೆಲಾಸಿಗೆ ಪಟ್ಟಾಭಿಷೇಕವಾದಾಗ ಕಿಂಗ್‌ಸ್ಟನ್ನಿನ ಬಡವರು ಅದರಲ್ಲಿ ಪ್ರವಾದನೆಯ ಪೂರೈಕೆಯನ್ನು ಕಂಡರು. ಅವರ ಮೊದಲ ಬೋಧಕರಲ್ಲೊಬ್ಬನಾದ ಲಿಯೊನಾರ್ಡ್ ಹೋವೆಲ್ ತನ್ನ ಪುಸ್ತಕಕ್ಕೆ 'ಗಂಗುನ್‌ಗುರು ಮರಾಘ್' ಎಂಬ, ಭಾರತದ ನೆಲದ ವಾಸನೆಯುಳ್ಳ ಹೆಸರನ್ನು ಇಟ್ಟುಕೊಂಡದ್ದು ಆ ಜೀತದಾಳುಗಳ ನೆರೆಹೊರೆಯ ಗುರುತು. ರಾಸ್ತಫಾರಿಗಳಿಗೆ ಬಾಬಿಲೋನ್ ಎಂದರೆ ತಮ್ಮನ್ನು ಹಿಡಿದಿಟ್ಟ ಅಧಿಕಾರವೆಲ್ಲ; ಸಿಯೋನ್ ಎಂದರೆ ಇಥಿಯೋಪಿಯ. ಒಬ್ಬ ಮಾನವ ದೊರೆಯನ್ನು ದೇವರೆನ್ನುವ ಬೋಧನೆಯನ್ನು ನಾವು ಒಪ್ಪಲಾರೆವು. ಸ್ವತಃ ಸೆಲಾಸಿಯೇ ಇಥಿಯೋಪಿಯದ ಸನಾತನ ಕ್ರೈಸ್ತಸಭೆಯ ಸದಸ್ಯ. 1970ರಲ್ಲಿ ಆ ಸಭೆಯ ಅಬುನಾ ಯೆಸೆಹಾಕ್ ಅವರು ಜಮೈಕಾಕ್ಕೆ ಬಂದರು. ಅವರ ಸಭೆಯಲ್ಲೇ ಬಾಬ್ ಮಾರ್ಲಿ 1980ರ ನವೆಂಬರಿನಲ್ಲಿ, ಮರಣಕ್ಕೆ ಆರು ತಿಂಗಳು ಮುಂಚೆ, ದೀಕ್ಷಾಸ್ನಾನ ಪಡೆದರು. ಬೋಧನೆಯನ್ನು ತಿದ್ದುವುದು ಸುಲಭ; ಆ ಬೋಧನೆ ಹುಟ್ಟಿದ ಗಾಯಕ್ಕೆ ನಮ್ಮ ಪ್ರವಚನಗಳಲ್ಲಿ ಏನಿದೆ ಎಂಬುದು ಕಷ್ಟದ ಪ್ರಶ್ನೆ.

ಇಲ್ಲಿ ಕಥೋಲಿಕ ಓದುಗರಿಗೆ ಸಂತೋಷ ಕೊಡುವ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ರೆಗೆಯ ತಾಯಿ ಸ್ಕಾ ಸಂಗೀತ. ಅದನ್ನು ರೂಪಿಸಿದ ಸ್ಕಾಟಲೈಟ್ಸ್ ತಂಡದ ಡಾನ್ ಡ್ರಮಂಡ್, ಟಾಮಿ ಮೆಕ್‌ಕುಕ್, ಲೆಸ್ಟರ್ ಸ್ಟರ್ಲಿಂಗ್ ಮೊದಲಾದವರು ಕಲಿತದ್ದು ಕಿಂಗ್‌ಸ್ಟನ್ನಿನ ಆಲ್ಫಾ ಬಾಲಕರ ಶಾಲೆಯಲ್ಲಿ. ಬಡ ಮತ್ತು ಅನಾಥ ಹುಡುಗರ ಆ ಶಾಲೆಯನ್ನು ನಡೆಸುತ್ತಿದ್ದವರು ಮರ್ಸಿ ಸಭೆಯ ಕನ್ಯಾಭಗಿನಿಯರು. ಅಲ್ಲಿಯ ವಾದ್ಯವೃಂದವನ್ನು ದಶಕಗಳ ಕಾಲ ಬೆಳೆಸಿದ ಸಿಸ್ಟರ್ ಮೇರಿ ಇಗ್ನೇಷಿಯಸ್ ಡೇವಿಸ್ (1921–2003) ಧ್ವನಿಮುದ್ರಿಕೆಗಳನ್ನು ಸಂಗ್ರಹಿಸಿ, ಮೈಕ್‌ಸೆಟ್ ಹೂಡಿ ಹುಡುಗರಿಗೆ ಕೇಳಿಸುತ್ತಿದ್ದರು. ಲೌಕಿಕ ಸಂಗೀತವೆಂದು ಅವರು ಮುಖ ತಿರುಗಿಸಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ರಾಸ್ತಫಾರಿ ಪ್ರಾರ್ಥನಾಕೂಟಗಳ ಬೆನ್ನೆಲುಬು ಮೂರು ಚರ್ಮವಾದ್ಯಗಳು: ಹೃದಯದ ಬಡಿತದಂತೆ ನಡೆಯುವ ದೊಡ್ಡ ಬಾಸ್, ಲಯವನ್ನು ಹಿಡಿದಿಡುವ ಫುಂಡೆ, ಅವುಗಳ ಮೇಲೆ ಮಾತನಾಡುವ ರಿಪೀಟರ್. ಗುಲಾಮಗಿರಿಯ ಕಾಲದಿಂದ ಉಳಿದುಬಂದ, ಸಭ್ಯರು ಕೀಳೆಂದು ಬಗೆದ ಬುರ್ರು ವಾದನದಿಂದ ಅವು ಬಂದವು. ಕೌಂಟ್ ಓಸಿ ಎಂಬ ವಾದಕನು ಅವನ್ನು ಕಿಂಗ್‌ಸ್ಟನ್ನಿನ ಸಂಗೀತಕ್ಕೆ ತಂದನು. 1968ರ ಸುಮಾರಿಗೆ ರೆಗೆ ಎಂಬ ಹೆಸರು ನಿಂತಿತು. ಡಬ್ ಅದರ ಬೆನ್ನಿಗೇ ಬಂತು. ರೇಡಿಯೋ, ವರ್ಧಕಗಳನ್ನು ರಿಪೇರಿ ಮಾಡುತ್ತಿದ್ದ ಓಸ್ಬೋರ್ನ್ ರಡಾಕ್, ಅಂದರೆ ಕಿಂಗ್ ಟಬ್ಬಿ, ಮುದ್ರಿತ ಹಾಡಿನಿಂದ ಗಾಯಕನ ಧ್ವನಿಯನ್ನು ತೆಗೆದುಹಾಕಿ, ಬಾಸ್ ಮತ್ತು ಡ್ರಮ್ಮನ್ನು ಮುಂದೆ ತಂದು, ಅಲ್ಲೊಂದು ಇಲ್ಲೊಂದು ಪದದ ತುಣುಕನ್ನು ಪ್ರತಿಧ್ವನಿಯಾಗಿ ಹಾಯಿಸುತ್ತಿದ್ದನು. ಕೇಳುವವರಿಗೆ ಹಾಡು ಗೊತ್ತಿದೆ. ಆದ್ದರಿಂದ ಇಲ್ಲದ ಧ್ವನಿ ಇನ್ನಷ್ಟು ಕೇಳಿಸುತ್ತದೆ.

ಮುಂದಿನದು ಬೇಗ ಹೇಳಬಹುದಾದ ಕಥೆ. 1948ರಿಂದ ಇಂಗ್ಲೆಂಡಿಗೆ ವಲಸೆ ಹೋದವರ ಮಕ್ಕಳು ಬರ್ಮಿಂಗ್‌ಹ್ಯಾಮ್, ಲಂಡನ್ನುಗಳಲ್ಲಿ ಅದನ್ನು ತಮ್ಮದಾಗಿಸಿಕೊಂಡರು. ಸ್ಟೀಲ್ ಪಲ್ಸ್ ತಂಡ, ಲಿಂಟನ್ ಕ್ವೇಸಿ ಜಾನ್ಸನ್ ಅವರ ಕಾವ್ಯ, ಜಾ ಶಾಕಾ ಅವರ ರಾತ್ರಿಯಿಡೀ ನಡೆಯುವ ಡಬ್ ಕೂಟಗಳು ಅಲ್ಲಿಂದ ಬಂದವು. 1980ರ ಏಪ್ರಿಲಿನಲ್ಲಿ ಜಿಂಬಾಬ್ವೆಯ ಸ್ವಾತಂತ್ರ್ಯೋತ್ಸವಕ್ಕೆ ಮಾರ್ಲಿ ಹಾಡಿದರು. ಐವರಿ ಕೋಸ್ಟ್‌ನಲ್ಲಿ ಆಲ್ಫಾ ಬ್ಲಾಂಡಿ, ದಕ್ಷಿಣ ಆಫ್ರಿಕಾದಲ್ಲಿ ಲಕ್ಕಿ ಡೂಬೆ. ಬ್ರೆಜಿಲಿನ ಸಾವೊ ಲೂಯಿಸ್ ನಗರದಲ್ಲಿ ಗೋಡೆಯಷ್ಟು ಎತ್ತರದ ಧ್ವನಿಪೆಟ್ಟಿಗೆಗಳು. ಪಂಜಾಬಿ ಮೂಲದ ಅಪಾಚೆ ಇಂಡಿಯನ್ 1990ರ ದಶಕದಲ್ಲಿ ಅದನ್ನು ನಮ್ಮ ದೂರದರ್ಶನದ ಪೀಳಿಗೆಗೆ ಪರಿಚಯಿಸಿದರು. ದೆಹಲಿಯ ಸ್ಕಾ ವೆಂಜರ್ಸ್ ತಂಡ ಹಾಗೂ 2016ರಲ್ಲಿ ಆರಂಭವಾದ ಗೋವಾ ಸನ್‌ಸ್ಪ್ಲಾಶ್ ಉತ್ಸವ ಇತ್ತೀಚಿನವು. 2018ರಲ್ಲಿ ಯುನೆಸ್ಕೊ ರೆಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯೆಂದು ಗುರುತಿಸಿತು. ಬಾಬಿಲೋನನ್ನು ಬೈದ ಸಂಗೀತಕ್ಕೆ ಬಾಬಿಲೋನೇ ಶಾಲು ಹೊದಿಸಿತು ಎಂದು ಹಳೆಯ ರಾಸ್ತಫಾರಿಗಳು ನಕ್ಕಿರಬೇಕು.

ಈಗ ಕಾವೇರಿಯ ದಡಕ್ಕೆ ಬರೋಣ. 1784ರ ಜನವರಿ ಕೊನೆಯಲ್ಲಿ ಮಂಗಳೂರಿನ ಕೋಟೆ ಟಿಪ್ಪು ಸುಲ್ತಾನನ ವಶವಾಯಿತು. ಕೆನರಾದ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿನ ಆರೋಪ. ಅದೇ ಫೆಬ್ರವರಿ 24ರಂದು, ವಿಭೂತಿ ಬುಧವಾರದ ದಿನ, ಅವರ ಬಂಧನ ಆರಂಭವಾಯಿತೆಂದು ಸಮುದಾಯದ ನೆನಪು. ಆಸ್ತಿ ಮುಟ್ಟುಗೋಲಾಯಿತು, ದೇವಾಲಯಗಳು ನೆಲಸಮವಾದವು, ಗಂಡಸರು ಹೆಂಗಸರು ಮಕ್ಕಳು ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಅಬ್ಬೆ ದುಬ್ವಾ ಅವರ ಲೆಕ್ಕ 60,000ಕ್ಕೂ ಹೆಚ್ಚು. ಅದೇ ಪಟ್ಟಣದಲ್ಲಿ ಸೆರೆಯಾಗಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿಯ ಲೆಕ್ಕ 30,000. ದಾರಿಯಲ್ಲಿ ಸತ್ತವರು ಅನೇಕರು. ಯುವಕರಿಗೆ ಸುನ್ನತಿ ಮಾಡಿಸಿ ಸೈನ್ಯಕ್ಕೆ ಸೇರಿಸಲಾಯಿತು. 1799ರ ಮೇ 4ರಂದು ಪಟ್ಟಣ ಬಿದ್ದ ಬಳಿಕ ಉಳಿದವರಲ್ಲಿ ಹಲವರು ಕರಾವಳಿಗೆ ಮರಳಿದರು.

ಈ ಪ್ರದೇಶದ ಇತಿಹಾಸ ಒಂದೇ ಬಣ್ಣದ್ದಲ್ಲ. ಕೆಲವೇ ಮೈಲಿ ಉತ್ತರಕ್ಕೆ, ಇಂದಿನ ಪಾಂಡವಪುರದ ಬಳಿ, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರು. ಹಿರೋಡೆ ಎಂಬ ಊರಿಗೆ 'ಫ್ರೆಂಚ್ ರಾಕ್ಸ್' ಎಂಬ ಹೆಸರು ಬಂದದ್ದು ಹಾಗೆ. ಕಥೋಲಿಕ ನಾಡಿನಿಂದ ಬಂದ ಬಂಡೆಯ ಮೇಲಿನವರು ಸುಲ್ತಾನನ ಮಿತ್ರರು, ಕೋಟೆಯೊಳಗಿನ ಕಥೋಲಿಕರು ಅವನ ಬಂದಿಗಳು. ಅದೇ ಸುಲ್ತಾನನು ಶೃಂಗೇರಿ ಮಠಕ್ಕೆ ನೆರವಿತ್ತನು, ರಂಗನಾಥನ ಗುಡಿಗೆ ಕಾಣಿಕೆ ಕೊಟ್ಟನು. ನಾವು ಪಾಠ ಮಾಡಿದ ಗಂಜಾಮು ಕೂಡ ಅವನ ಕಾಲದಲ್ಲಿ ಶಿರಾದಿಂದ ಬಲವಂತವಾಗಿ ತಂದ ಕುಟುಂಬಗಳಿಂದ ಬೆಳೆದ ಪೇಟೆ. ಸೆರೆಯ ಅನುಭವ ಕ್ರೈಸ್ತರೊಬ್ಬರದೇ ಆಗಿರಲಿಲ್ಲ.

ಪಟ್ಟಣ ಬಿದ್ದ ಮೇಲೆ ಬಂದವರು ಪ್ಯಾರಿಸ್ ಮಿಷನ್ ಸಭೆಯ ಅಬ್ಬೆ ದುಬ್ವಾ, ಜನರ ಬಾಯಲ್ಲಿ ದೊಡ್ಡಸ್ವಾಮಿಯವರು. ಚದುರಿದವರನ್ನು ಸೇರಿಸಿದರು, ದೇವಾಲಯ ಕಟ್ಟಿದರು, ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ಪರಸ್ಥಳದ ಸೆರೆಯಾಳುಗಳಿಗೆ ಆ ನಗರದ ಹಿತವನ್ನೇ ಬಯಸಿರೆಂದು ಬರೆದ ಯೆರೆಮೀಯನ ಪತ್ರವನ್ನು ಇದಕ್ಕಿಂತ ಚೆನ್ನಾಗಿ ಪಾಲಿಸಿದವರು ವಿರಳ. ಆದರೆ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಬಂದಿಗಳ ಬಗ್ಗೆ ಕಠೋರವಾಗಿ ತೀರ್ಪಿತ್ತರು: ಇಷ್ಟು ಸಾವಿರ ಜನರಲ್ಲಿ ವಿಶ್ವಾಸವನ್ನು ಸಾರಿ ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬನಿಗೂ ಬರಲಿಲ್ಲವೆಂಬುದು ಅವರ ಅಳಲು. ಮಂಗಳೂರಿನವರ ಪರಂಪರೆ ಇದನ್ನು ಒಪ್ಪುವುದಿಲ್ಲ. ನನಗೂ ಈ ತೀರ್ಪು ನ್ಯಾಯವೆನಿಸುವುದಿಲ್ಲ. ದೊಡ್ಡಸ್ವಾಮಿಯವರು ಬಂದದ್ದು ಬಾಗಿಲು ತೆರೆದ ಮೇಲೆ. ಒಳಗಿದ್ದವರಲ್ಲಿ ಹೆಚ್ಚಿನವರು ತಮ್ಮ ಮಾತನ್ನು ಬರೆದಿಡಲಿಲ್ಲ. ನಮಗೆ ಹೆಚ್ಚಾಗಿ ಸಿಗುವುದು ಸುಲ್ತಾನನ ಆಸ್ಥಾನದ ಬರಹ, ಇಂಗ್ಲಿಷ್ ಸೆರೆಯಾಳುಗಳ ಕಥನ, ಮಿಷನರಿಯ ಪತ್ರ. ಡಬ್ ಸಂಗೀತದಲ್ಲಿ ಆಗುವುದೇ ಇಲ್ಲಿಯೂ ಆಗಿದೆ: ಸುತ್ತಲಿನ ಸದ್ದೆಲ್ಲ ಉಳಿದಿದೆ, ಹಾಡಿದವರ ಧ್ವನಿ ಮಾತ್ರ ಬಹುಮಟ್ಟಿಗೆ ಇಲ್ಲ. ಆ ಧ್ವನಿ ಇಲ್ಲದ್ದನ್ನೇ ವಿಶ್ವಾಸ ಇಲ್ಲದ್ದೆಂದು ದುಬ್ವಾ ಓದಿದರು. 137ನೇ ಕೀರ್ತನೆ ಹಾಗೆ ಓದುವುದಿಲ್ಲ. ಅಲ್ಲಿ ಬಂದಿಗಳು ಕಿನ್ನರಿಗಳನ್ನು ಮರಕ್ಕೆ ತೂಗುಹಾಕುತ್ತಾರೆ. ಹಿಡಿದವರು ಹಾಡೆಂದರೂ ಹಾಡುವುದಿಲ್ಲ. ಆ ಮೌನವೇ ಸಿಯೋನಿನ ನೆನಪು. ಹದಿನೈದು ವರ್ಷ ಬೇರೆ ಹೆಸರಿನಲ್ಲಿ ಬದುಕಿದವರು ಬಿಡುಗಡೆಯಾದೊಡನೆ ದೀಕ್ಷಾಸ್ನಾನದ ಹೆಸರಿಗೆ ಮರಳಿ, ಬಿದ್ದ ದೇವಾಲಯಗಳನ್ನು ಮತ್ತೆ ಕಟ್ಟಿದರೆಂದರೆ ಒಳಗೆ ಏನೋ ಉಳಿದಿತ್ತು.

ಆ ಕೀರ್ತನೆಗೆ ಇನ್ನೊಂದು ತುದಿಯಿದೆ. ಕೊನೆಯ ಚರಣಗಳಲ್ಲಿ ಬಾಬಿಲೋನಿನ ಕೂಸುಗಳ ಮೇಲೆಯೇ ಸೇಡು ಕೇಳಲಾಗುತ್ತದೆ. ನಮ್ಮ ಸಂಧ್ಯಾ ಪ್ರಾರ್ಥನೆಯಲ್ಲಿ ಆರನೆಯ ಚರಣಕ್ಕೇ ನಿಲ್ಲುತ್ತೇವೆ. ಮೆಲೋಡಿಯನ್ಸ್ ಕೂಡ ಅದನ್ನು ಹಾಡಲಿಲ್ಲ. ಹಾಡದಿದ್ದರೆ ಅದು ಇಲ್ಲವಾಗುತ್ತದೆಯೆ? ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು ಟಿಪ್ಪುವಿನ ಕಾಲದಲ್ಲಿ ತಮ್ಮವರ ಕೊಲೆಯಾಯಿತೆಂಬ ನೆನಪಿನಲ್ಲಿ ಇಂದಿಗೂ ನರಕ ಚತುರ್ದಶಿ ಆಚರಿಸುವುದಿಲ್ಲ. ಅದೇ ಜಿಲ್ಲೆಯಲ್ಲಿ ಟಿಪ್ಪುವನ್ನು ಹೊಗಳುವ ಲಾವಣಿಗಳನ್ನೂ ಜನ ಹಾಡಿದ್ದಾರೆ. ಅದೇ ಮೇಲುಕೋಟೆಯಲ್ಲಿ ರಾಮಾನುಜರು ತಿರುಕುಲತ್ತಾರ್ ಎಂದು ಕರೆದ ಜನರಿಗೆ ಗುಡಿಯ ಬಾಗಿಲು ವರ್ಷಕ್ಕೆ ಕೆಲವೇ ದಿನ ತೆರೆಯುತ್ತಿತ್ತು. ಉಳಿದ ದಿನಗಳನ್ನು ಅವರು ಯಾವ ಹೆಸರಿನಿಂದ ಕರೆದರೆಂದು ಯಾರೂ ಬರೆದಿಡಲಿಲ್ಲ. ಒಬ್ಬರ ಸಿಯೋನ್ ಇನ್ನೊಬ್ಬರ ಬಾಬಿಲೋನ್ ಆಗಿರುವ ನೆಲವಿದು. ನಮ್ಮವರ ಸೆರೆವಾಸದ ಕಥೆಯನ್ನು ಇಂದಿನ ನೆರೆಯವರ ಕೂಸುಗಳ ಮೇಲೆ ಎತ್ತಿದ ಕಲ್ಲಾಗಿ ಬಳಸಲು ಕೇಳುವವರು ಇದ್ದಾರೆ. ಯಾಜಕರು ಅದನ್ನು ಕೊಡಬಾರದು. ಹಾಗೆಂದು ಕಥೆಯನ್ನೇ ಮುಚ್ಚಿಡುವುದೂ ಸಲ್ಲದು.

ಬುರ್ರು ವಾದ್ಯದ ಮಾತು ಬಂದಾಗಿನಿಂದ ನನ್ನನ್ನು ಕಾಡುವುದು ತಮಟೆ. ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಹಬ್ಬಕ್ಕೂ ಸಾವಿಗೂ ಅದೇ ಬೇಕು. ಬಾರಿಸುವವರು ಮಾತ್ರ ಹೊರಗೆ. 1970ರ ದಶಕದಲ್ಲಿ ದಲಿತ ಚಳವಳಿಯು ಹೋರಾಟದ ಹಾಡುಗಳೊಡನೆ ಅದನ್ನು ಬೀದಿಗೆ ತಂದಾಗ ಜೀತದ ವಾದ್ಯ ಪ್ರತಿಭಟನೆಯ ವಾದ್ಯವಾಯಿತು. ಅದೇ ದಶಕದ ಕಿಂಗ್‌ಸ್ಟನ್ನಿನಲ್ಲಿಯೂ ಇಂಥದ್ದೇ ನಡೆಯುತ್ತಿತ್ತು. ನಮ್ಮ ದೇಶೀಕರಣವೋ ಅಷ್ಟರಲ್ಲಿ ದೀಪ, ಆರತಿ, ಸಂಸ್ಕೃತ ಮಂತ್ರಗಳ ಕಡೆಗೆ ಹೊರಟಿತ್ತು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೇಂದ್ರದ ಮೂಲಕ ಫಾದರ್ ಅಮಲೋರ್‌ಪವದಾಸ್ ಮಾಡಿದ ಕೆಲಸ ದೊಡ್ಡದು. ಆದರೆ ಅದು ಮೇಲ್ಜಾತಿಯ ಅಂಗಳದಲ್ಲೇ ನಿಂತಿತೆಂಬ ದಲಿತ ದೈವಶಾಸ್ತ್ರಜ್ಞರ ಆಕ್ಷೇಪವನ್ನು ತಳ್ಳಿಹಾಕಲಾಗದು. ಬೆಂಗಳೂರಿನಲ್ಲಿ ಬೋಧಿಸಿದ ಸತ್ಯನಾಥನ್ ಕ್ಲಾರ್ಕ್ 1998ರ ತಮ್ಮ ಗ್ರಂಥದಲ್ಲಿ ಪರೆವಾದ್ಯದ ಮೂಲಕವೇ ಕ್ರಿಸ್ತನನ್ನು ಚಿಂತಿಸಿದರು. ನಾವು ಅದನ್ನು ಪರೀಕ್ಷೆಗೆ ಓದಿಸುತ್ತೇವೆ.

ನಾಗಮಂಗಲದ ಕಡೆಯ ಒಂದು ಪುಟ್ಟ ಧರ್ಮಕೇಂದ್ರದ ಹಬ್ಬಕ್ಕೆ ಕಳೆದ ವರ್ಷ ಬಲಿಪೂಜೆಗೆ ಹೋಗಿದ್ದೆ. ಹುಲ್ಲಿನ ಬೆಂಕಿಯಲ್ಲಿ ತಮಟೆ ಕಾಯಿಸಿ ನಾಲ್ವರು ಮೆರವಣಿಗೆಯನ್ನು ದೇವಾಲಯದ ಬಾಗಿಲವರೆಗೆ ತಂದರು. ಅಲ್ಲಿಂದ ಒಳಗೆ ಕೀಬೋರ್ಡು. ಅವರಲ್ಲಿ ಹಿರಿಯರು ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ತಮಟೆಯನ್ನೂ ಅದರ ಪಕ್ಕದಲ್ಲೇ ಇಟ್ಟು, ಒಳಬಂದು ಹಿಂದೆ ನಿಂತರು. ಅದನ್ನು ಒಳಗೆ ತನ್ನಿ ಎಂದು ಹೇಳಬೇಕಿತ್ತೆಂದು ನನಗೆ ಹೊಳೆದದ್ದು ಅಂತಿಮ ಆಶೀರ್ವಾದ ಮುಗಿದ ಮೇಲೆ.