ಹುಳುವಿನಿಂದ ಮೂತ್ರಪಿಂಡದವರೆಗೆ: ಮೈಕ್ರೋ ಆರ್‌ಎನ್‌ಎ ನಡೆದು ಬಂದ ದಾರಿ

ಸಕ್ಕರೆ ಕಾಯಿಲೆಯ ಮಾತು ಬಂದಾಗ ನಾವು ಸಿಹಿಯ ಬಗ್ಗೆ ಮಾತನಾಡುತ್ತೇವೆ, ಮೂತ್ರಪಿಂಡವನ್ನು ಮರೆಯುತ್ತೇವೆ. ಆದರೆ ಈ ಕಾಯಿಲೆ ಸದ್ದಿಲ್ಲದೆ ಕೆಡಿಸುವ ಅಂಗಗಳಲ್ಲಿ ಅದೂ ಒಂದು.

ಮಧುಮೇಹಿಗಳ ಮೂತ್ರದಲ್ಲಿರುವುದು ಸಕ್ಕರೆಯೇ ಎಂದು 1776ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ತೋರಿಸಿದರು. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ವೈದ್ಯರು ಇಂತಹ ರೋಗಿಗಳ ಮೂತ್ರಪಿಂಡದಲ್ಲಿ ವಿಶಿಷ್ಟ ಗಂಟುಗಳನ್ನು ಗುರುತಿಸಿದರು. ಒಂದೊಂದು ಮೂತ್ರಪಿಂಡದಲ್ಲಿ ರಕ್ತ ಸೋಸುವ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಅವು ಗಟ್ಟಿಯಾಗಿ ಮುಚ್ಚಿಹೋಗುವುದೇಕೆ?

ಉತ್ತರದ ಒಂದು ಭಾಗ ದೊರೆತದ್ದು ಕೇವಲ ಒಂದು ಮಿಲಿಮೀಟರ್ ಉದ್ದದ ಹುಳುವಿನಿಂದ! 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ತಂಡವು ಈ ಹುಳುವಿನ ಲಿನ್-4 ಎಂಬ ಜೀನ್ ಪ್ರೋಟೀನನ್ನು ತಯಾರಿಸದೆ, 22 ಅಕ್ಷರಗಳ ಪುಟ್ಟ ಆರ್‌ಎನ್‌ಎ ತುಣುಕನ್ನು ಮಾತ್ರ ತಯಾರಿಸುತ್ತದೆ ಎಂದು ಕಂಡುಕೊಂಡಿತು. ಜೀನ್ ಕಳುಹಿಸುವ ಸಂದೇಶದ ಚೀಟಿಗೆ ಈ ತುಣುಕು ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತದೆ ಎಂಬುದು ಗ್ಯಾರಿ ರವ್‌ಕುನ್ ತಂಡದ ಕೆಲಸದಿಂದ ತಿಳಿಯಿತು. ಇದು ಹುಳುವಿಗಷ್ಟೇ ಸೀಮಿತವೆಂದು ಹೆಚ್ಚಿನವರು ಭಾವಿಸಿದರು. 2000ದಲ್ಲಿ ಲೆಟ್-7 ಎಂಬ ಇನ್ನೊಂದು ತುಣುಕು ಮನುಷ್ಯನಲ್ಲೂ ಸಿಕ್ಕಾಗ ಆ ಭಾವನೆ ಬದಲಾಯಿತು. 2001ರಲ್ಲಿ ಇವುಗಳಿಗೆ ಮೈಕ್ರೋ ಆರ್‌ಎನ್‌ಎ ಎಂಬ ಹೆಸರು ಬಂದಿತು.

ಮುಂದೆ ಇದರ ನಂಟು ರೋಗಗಳೊಂದಿಗೆ ಬೆಳೆಯಿತು. ಮಿರ್-146 ಎಂಬುದು ಉರಿಯೂತಕ್ಕೆ ಬ್ರೇಕಿನಂತೆ ಕೆಲಸ ಮಾಡುತ್ತದೆ ಎಂದು 2006ರಲ್ಲಿ ಡೇವಿಡ್ ಬಾಲ್ಟಿಮೋರ್ ತಂಡ ತಿಳಿಸಿತು. 2007ರಲ್ಲಿ ಕ್ಯಾಲಿಫೋರ್ನಿಯಾದ ರಮಾ ನಟರಾಜನ್ ತಂಡವು ಮಧುಮೇಹವಿರುವ ಇಲಿಗಳ ಮೂತ್ರಪಿಂಡದಲ್ಲಿ ಮಿರ್-192 ಹೆಚ್ಚುವುದನ್ನು ಕಂಡಿತು. ಕೊಲಾಜನ್ ಎಂಬ ನಾರಿನಂಥ ಪ್ರೋಟೀನನ್ನು ಹತೋಟಿಯಲ್ಲಿಡುವ ಕಾವಲುಗಾರನನ್ನೇ ಅದು ಕಟ್ಟಿಹಾಕುತ್ತದೆ. ಕೊಲಾಜನ್ ತುಂಬಿ ಜರಡಿ ಗಟ್ಟಿಯಾಗುತ್ತದೆ. ಆದರೆ 2010ರಲ್ಲಿ ರೋಗ ಬಲಿತ ಮನುಷ್ಯರ ಮೂತ್ರಪಿಂಡವನ್ನು ಪರೀಕ್ಷಿಸಿದಾಗ ಅದೇ ಮಿರ್-192 ಕಡಿಮೆಯಾಗಿತ್ತು! ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿ ಹಾಗೆಯೇ ಇರಬೇಕೆಂದಿಲ್ಲ.

ಔಷಧದ ಹಾದಿಯೂ ಸುಲಭವಾಗಿಲ್ಲ. ಮಿರ್-21 ಅನ್ನು ತಡೆಯುವ ಔಷಧವೊಂದನ್ನು ಆಲ್ಪೋರ್ಟ್ ಎಂಬ ಆನುವಂಶಿಕ ಮೂತ್ರಪಿಂಡ ರೋಗದಲ್ಲಿ ಪ್ರಯೋಗಿಸಲಾಯಿತು. ಪ್ರಯೋಜನ ಕಾಣದ್ದರಿಂದ 2022ರಲ್ಲಿ ಪ್ರಯೋಗ ನಿಂತಿತು. ಆದರೂ ಮೂಲ ಸಂಶೋಧನೆಯ ಮಹತ್ವ ಕುಂದಲಿಲ್ಲ. 2024ರಲ್ಲಿ ಆಂಬ್ರೋಸ್ ಮತ್ತು ರವ್‌ಕುನ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಹಾಗಾದರೆ ಮನೆಯ ಹಿರಿಯರಿಗಾಗಿ ನಾವೇನು ಮಾಡಬಹುದು? ಮೂತ್ರಪಿಂಡ ಕೆಡತೊಡಗಿದಾಗ ನೋವಿರುವುದಿಲ್ಲ, ಬಾವೂ ಕಾಣುವುದಿಲ್ಲ. ಆದ್ದರಿಂದ ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಡಬೇಕು.

ವಿದ್ಯಾರ್ಥಿ ಮಿತ್ರರೇ, ಹುಳುವಿನ ಅಧ್ಯಯನದಿಂದ ಯಾರಿಗೇನು ಲಾಭವೆಂದು ಅಂದು ಕೇಳಿದವರಿದ್ದಿರಬಹುದು. ಅದೇ ಅಧ್ಯಯನ ಇಂದು ಮೂತ್ರಪಿಂಡದ ಬಾಗಿಲನ್ನು ತಟ್ಟುತ್ತಿದೆ. ಆ ಬಾಗಿಲನ್ನು ಪೂರ್ತಿ ತೆರೆಯುವವರು ನಿಮ್ಮಲ್ಲೇ ಯಾರಾದರೂ ಏಕಾಗಬಾರದು?