ಮಾಳಿಗೆ, ಹಗೇವು ಮತ್ತು ಮಿತಶಕ್ತಿಯ ಗೃಹ: ದೇಗಾಂವ ಪರಿಸರವನ್ನು ಕುರಿತ ಒಂದು ವಿವೇಚನೆ

1. ವಿಷಯೋಪಕ್ರಮ

ಗೋವೆಯ ಕದಂಬರ ಅರಸನಾದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯದಿಂದ ಕಿತ್ತೂರ ಸಮೀಪದ ದೇಗಾಂವವು ಖ್ಯಾತವಾಗಿದೆ. ಆ ದೇವಾಲಯದ ಶಿಲ್ಪವು ಎಷ್ಟು ಪರಿಶೀಲನಾರ್ಹವೋ, ಅದರ ಸುತ್ತಲಿನ ಸೀಮೆಯ ಒಕ್ಕಲುಮಕ್ಕಳು ಬಿಸಿಲು, ಗಾಳಿ, ಮಳೆಗಳೊಡನೆ ಹೊಂದಿಕೊಂಡು ಕಟ್ಟಿದ ಮನೆಗಳ ರಚನೆಯೂ ಅಷ್ಟೇ ಪರಿಶೀಲನಾರ್ಹವೆಂಬುದು ಈ ಲೇಖನದ ಮೂಲಭೂತ ಗೃಹೀತ. ಸ್ವೀಡನ್ನಿನ ಬೋ ಆಡಮ್‌ಸನ್ ಮತ್ತು ಜರ್ಮನಿಯ ವೋಲ್ಫ್‌ಗ್ಯಾಂಗ್ ಫೈಸ್ಟ್ ಇವರ ವಿಚಾರದಿಂದ ರೂಪುಗೊಂಡು, 1991ರಲ್ಲಿ ಡಾರ್ಮ್‌ಸ್ಟಾಟ್ ನಗರದ ಕ್ರಾನಿಕ್‌ಸ್ಟೈನ್‌ನಲ್ಲಿ ಮೊದಲು ಸಾಕಾರವಾದ ‘ಪ್ಯಾಸಿವ್ ಹೌಸ್’ ಪದ್ಧತಿಯು ಇಂದು ಮಿತಶಕ್ತಿಯ ಗೃಹದ ಮಾದರಿಯೆಂದು ಲೋಕಮಾನ್ಯವಾಗಿದೆ. ಪ್ರತಿ ಚದರ ಮೀಟರಿಗೆ ವರ್ಷಕ್ಕೆ 15 ಕಿಲೋವ್ಯಾಟ್-ಗಂಟೆಗೆ ಮೀರದ ತಾಪನ; 50 ಪ್ಯಾಸ್ಕಲ್ ಒತ್ತಡದಲ್ಲಿ ಗಂಟೆಗೆ ಮನೆಯ ಘನಗಾತ್ರದ 0.6 ಪಟ್ಟಿಗೆ ಮೀರದ ಗಾಳಿಯ ಸೋರಿಕೆ: ಇವು ಅದರ ಪ್ರಧಾನ ನಿಯಮಗಳು. ಹಿಮದೇಶದ ಈ ನಿಯಮಗಳಲ್ಲಿ ನಮ್ಮ ಸೀಮೆಗೆ ಗ್ರಾಹ್ಯವಾದುದೆಷ್ಟು, ಪರಿವರ್ತನೀಯವಾದುದೆಷ್ಟು ಎಂಬುದೇ ಇಲ್ಲಿನ ವಿಚಾರ.

2. ಸೀಮೆಯ ಪ್ರಕೃತಿ ಮತ್ತು ಮಾಳಿಗೆಮನೆ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ಈ ಭೂಭಾಗದ ಪಶ್ಚಿಮದಂಚು ಮಲೆನಾಡಿನ ಸೆರಗನ್ನು ತಾಗುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ವಿರಳವಾಗಿ, ಎರೆಭೂಮಿ ವಿಸ್ತಾರಗೊಂಡು, ಬಯಲುಸೀಮೆಯ ಬಿಸಿಲು ಪ್ರಖರವಾಗುತ್ತದೆ. ಆದುದರಿಂದಲೇ ಪಶ್ಚಿಮದಲ್ಲಿ ಇಳಿಜಾರಾದ ಹಂಚಿನ ಮನೆಗಳೂ, ಪೂರ್ವದಲ್ಲಿ ಸಮತಲದ ಮಣ್ಣಿನ ಮಾಳಿಗೆಮನೆಗಳೂ ಬಳಕೆಗೆ ಬಂದವು. ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಸೀಮೆಯಲ್ಲಿ ಸೂರ್ಯನು ವರ್ಷಕ್ಕೆರಡು ಸಲ, ಮೇ ತಿಂಗಳ ಆರಂಭದಲ್ಲಿಯೂ ಆಗಸ್ಟಿನ ಎರಡನೆಯ ವಾರದಲ್ಲಿಯೂ, ಮಧ್ಯಾಹ್ನ ನೆತ್ತಿಯ ಮೇಲೆ ನಿಲ್ಲುವನು. ಬೇಸಿಗೆಯ ತಾಪದ ಬಹುಭಾಗವನ್ನು ಹೊರತಕ್ಕದ್ದು ಗೋಡೆಯಲ್ಲ, ಚಾವಣಿ. ಶೀತದೇಶದ ವಾಸ್ತುವಿಗೂ ನಮ್ಮದಕ್ಕೂ ಇರುವ ಮೊದಲನೆಯ ಭೇದವಿದು.

ಮಾಳಿಗೆಯ ರಚನೆಯಲ್ಲಿ ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ದಪ್ಪನಾದ ಮಣ್ಣಿನ ಸ್ತರ, ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಲೇಪ, ಈ ಕ್ರಮವನ್ನು ಕಾಣುತ್ತೇವೆ. ಕರಲಿನಲ್ಲಿರುವ ಸೋಡಿಯಮ್ ಲವಣವು ಜೇಡಿಯ ಕಣಗಳನ್ನು ಚದುರಿಸಿ, ಮೊದಲ ಮಳೆಯಲ್ಲಿಯೇ ರಂಧ್ರಗಳನ್ನು ಮುಚ್ಚಿಬಿಡುವುದರಿಂದ ನೀರು ಒಳಗಿಳಿಯದು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಕರಲು ಹಾಕುವ ವಾಡಿಕೆಯ ಹಿಂದೆ ಈ ರಸಾಯನ ಅಡಗಿದೆ.

3. ಉಷ್ಣಗಣನೆ

ಮೂವತ್ತು ಸೆಂಟಿಮೀಟರ್ ದಪ್ಪದ ಮಣ್ಣಿನ ಉಷ್ಣವಾಹಕತೆಯನ್ನು ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.7 ವ್ಯಾಟ್ ಎಂದಿಟ್ಟುಕೊಂಡು, ಮೂರು ಸೆಂಟಿಮೀಟರಿನ ಹಲಗೆಯ ಹಾಸನ್ನೂ ಸೇರಿಸಿ ಲೆಕ್ಕ ಹಾಕಿದರೆ, ಮಾಳಿಗೆಯ ಯು-ಮೌಲ್ಯವು, ಅಂದರೆ ಅದು ತಾಪವನ್ನು ದಾಟಿಸುವ ಪ್ರಮಾಣವು, ಚದರ ಮೀಟರಿಗೆ, ಡಿಗ್ರಿಗೆ ಸುಮಾರು 1.2 ವ್ಯಾಟ್ ಆಗುತ್ತದೆ. 2018ರಲ್ಲಿ ಭಾರತದ ಇಂಧನ ದಕ್ಷತಾ ಬ್ಯೂರೋ ಪ್ರಕಟಿಸಿದ ‘ಇಕೋ ನಿವಾಸ್ ಸಂಹಿತೆ’ಯು ವಸತಿಗೃಹದ ಚಾವಣಿಗೆ ವಿಧಿಸಿದ ಪರಮಾವಧಿಯೂ 1.2 ಆಗಿರುವುದು ಗಮನಾರ್ಹ. ಇದಕ್ಕೆ ಪ್ರತಿಯಾಗಿ, ಇಂದು ಎಲ್ಲೆಡೆ ಹಬ್ಬಿರುವ ಐದಿಂಚಿನ ಬರಿಯ ಆರ್‌ಸಿಸಿ ಚಾವಣಿಯ ಮೌಲ್ಯವು ಮೂರಕ್ಕೂ ಮಿಕ್ಕಿದ್ದು, ಅದು ಮಾಳಿಗೆಗಿಂತ ಎರಡೂವರೆ ಪಟ್ಟಿಗೂ ಅಧಿಕ ತಾಪವನ್ನು ಒಳಗೆ ಬಿಡುತ್ತದೆ.

ತಾಪದ ಪ್ರಮಾಣದಷ್ಟೇ ಅದು ಒಳಗೆ ತಲಪುವ ವೇಳೆಯೂ ಮುಖ್ಯ. ದಿನದ ಉಷ್ಣತರಂಗವು ಮೂವತ್ತು ಸೆಂಟಿಮೀಟರಿನ ಮಣ್ಣನ್ನು ದಾಟಲು ಸ್ಥೂಲವಾಗಿ ಹತ್ತು ತಾಸು ಬೇಕು. ಐದಿಂಚಿನ ಕಾಂಕ್ರೀಟಿಗೆ ಮೂರು ತಾಸು ಸಾಕು. ಮಧ್ಯಾಹ್ನದ ಬಿಸಿಲು ಮಾಳಿಗೆಯ ಕೆಳಗೆ ಬಹುವಾಗಿ ಕ್ಷೀಣಿಸಿ ರಾತ್ರಿ ಹತ್ತರ ಸುಮಾರಿಗೆ ಬಂದಿಳಿಯುವಾಗ ಹೊರಗಿನ ಗಾಳಿ ತಂಪಾಗಿರುತ್ತದೆ, ಮನೆಯವರೂ ಮಾಳಿಗೆಯ ಮೇಲೆ ಮಲಗಿರುತ್ತಾರೆ. ಕಾಂಕ್ರೀಟಿನ ಮನೆಯಲ್ಲಿ ಅದೇ ಬಿಸಿಲು ಹೊರಗಣ ಗಾಳಿಯೂ ಕಾದಿರುವ ಇಳಿಹೊತ್ತಿನಲ್ಲಿಯೇ ಒಳನುಗ್ಗುತ್ತದೆ.

4. ವಾಯುಬಂಧದ ಪ್ರಶ್ನೆ

ಮಾಳಿಗೆಮನೆಯ ದೋಷವನ್ನೂ ನಿಷ್ಪಕ್ಷಪಾತವಾಗಿ ಹೇಳಬೇಕು. ಚಿಕ್ಕ ಕಿಟಕಿ, ಒಳಗೇ ದನ ಕಟ್ಟುವ ದಂದಕ್ಕಿ, ಕಟ್ಟಿಗೆ ಉರಿಯುವ ಒಲೆ, ಹೊಗೆ ಹೋಗಲು ಮಾಳಿಗೆಯಲ್ಲೊಂದು ಬೆಳಕಿಂಡಿ, ಇಂಥ ಮನೆಯಲ್ಲಿ ತಂಪು ಉಂಟಾದರೂ ಶುದ್ಧವಾಯು ಉಂಟೆಂದು ಹೇಳಲಾಗದು. ಅದರ ಭಾರವನ್ನು ಹೊತ್ತವರು ಒಲೆಯ ಮುಂದೆ ಕುಳಿತ ಹೆಣ್ಣುಮಕ್ಕಳು.

ಗಾಳಿಯನ್ನು ಪೂರ್ಣವಾಗಿ ಬಂಧಿಸಿದರೆ ಏನಾಗುವುದೆಂಬುದನ್ನು ಈ ಸೀಮೆಯ ಜನ ಹಗೇವಿನಿಂದ ಚೆನ್ನಾಗಿ ಬಲ್ಲರು. ನೆಲದೊಳಗೆ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಹಗೇವಿನಲ್ಲಿ, ಕಾಳಿನ ಉಸಿರಾಟದಿಂದಲೇ ಆಮ್ಲಜನಕವು ವ್ಯಯವಾಗಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಹುಳುಗಳು ಸಾಯುತ್ತವೆ. ಕಾಳು ಕೆಡದೆ ಉಳಿಯುತ್ತದೆ. ಆದರೆ ಬಾಯಿ ತೆರೆದೊಡನೆ ಒಳಗಿಳಿದವನ ಪ್ರಾಣಕ್ಕೆ ಅದೇ ವಾಯು ಅಪಾಯಕರವಾದ ಕಾರಣ, ದೀಪ ಇಳಿಸಿ ನೋಡಿ, ಗಾಳಿಯಾಡಿದ ಮೇಲೆಯೇ ಇಳಿಯತಕ್ಕದ್ದೆಂಬ ಎಚ್ಚರಿಕೆ ಬಳಕೆಯಲ್ಲಿದೆ. ಕಾಳಿಗೆ ಹಿತವಾದ ಬಂಧವು ಮನುಷ್ಯನಿಗೆ ಮಾರಕ. ಪ್ಯಾಸಿವ್ ಹೌಸ್ ಪದ್ಧತಿಯೂ ಇದನ್ನು ಮರೆತಿಲ್ಲ: ಸೋರಿಕೆಯನ್ನು ನಿಲ್ಲಿಸಿದ ಮನೆಗೆ ಶುದ್ಧವಾಯುವನ್ನು ನಿಯತವಾಗಿ ತರುವ ಯಂತ್ರವನ್ನು ಅದು ಕಡ್ಡಾಯವಾಗಿ ಜೋಡಿಸುತ್ತದೆ.

ಆದರೂ ಸಂದುಗಳ ಸೋರಿಕೆ ಉಪೇಕ್ಷಣೀಯವಲ್ಲ. ನೂರು ಚದರ ಮೀಟರಿನ, ಮೂರು ಮೀಟರ್ ಎತ್ತರದ ಮನೆಯಲ್ಲಿ ಗಂಟೆಗೆ ಮೂರು ಬಾರಿ ಗಾಳಿ ಬದಲಾಗುತ್ತಿದ್ದು, ಹೊರಗಿನ ಗಾಳಿ ಒಳಗಿನದಕ್ಕಿಂತ ಎಂಟು ಡಿಗ್ರಿ ಬಿಸಿಯಾಗಿದ್ದರೆ, ಆ ಒಂದೇ ಮಾರ್ಗದಿಂದ 2,400 ವ್ಯಾಟ್‌ಗಳಷ್ಟು ತಾಪ ಒಳಬರುತ್ತದೆ. ಬದಲಾವಣೆಯನ್ನು ಗಂಟೆಗೆ ಅರ್ಧಕ್ಕಿಳಿಸಿದರೆ ಅದು 400 ವ್ಯಾಟ್‌ಗಳಿಗೆ ತಗ್ಗುತ್ತದೆ. ರಾತ್ರಿ ಹೊರಗಣ ಗಾಳಿ ತಂಪಾದಾಗ ಇದೇ ಗಣನೆಯು ವಿಪರ್ಯಸ್ತವಾಗಿ, ತೆರೆದ ಕಿಟಕಿಯೇ ಮನೆಯ ತಾಪವನ್ನು ಹೊರಹಾಕುವ ಅಗ್ಗದ ಸಾಧನವಾಗುತ್ತದೆ. ಹೀಗಾಗಿ ನಮ್ಮಲ್ಲಿ ವಾಯುಬಂಧವು ಸದಾಕಾಲದ ಸ್ಥಿತಿಯಾಗಿರಬೇಕಾಗಿಲ್ಲ; ಗಾಳಿ ಯಾವಾಗ, ಯಾವ ದ್ವಾರದಿಂದ ಒಳಬರಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ಮನೆಯವರ ಕೈಯಲ್ಲಿರಬೇಕು.

5. ಪುನರ್ನಿರ್ಮಾಣದ ದಾರಿ

ಹಳೆಯ ಮಾಳಿಗೆಯನ್ನೇ ಮತ್ತೆ ಕಟ್ಟಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಅದರ ಮಣ್ಣಿನ ಭಾರವೇ ಚದರ ಮೀಟರಿಗೆ ಐದುನೂರು ಕಿಲೋಗ್ರಾಮಿನ ಸಮೀಪಕ್ಕೆ ಬರುತ್ತದೆ. ಇಂಥ ಭಾರದ ಪರಿಣಾಮವನ್ನು 1993ರ ಕಿಲ್ಲಾರಿ ಭೂಕಂಪದಲ್ಲಿ ಕಂಡೆವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ರಾಮದುರ್ಗ, ಸವದತ್ತಿಗಳ ದಂಡೆಯೂರುಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು. ಅಂಥ ಅನುಭವದ ಬಳಿಕ ಜನರು ಕಾಂಕ್ರೀಟನ್ನು ಬಯಸುವುದು ನ್ಯಾಯವೇ. ಆ ಕಾಂಕ್ರೀಟಿಗೆ ಮಾಳಿಗೆಯ ಗುಣವನ್ನು ಕೂಡಿಸುವುದು ಮುಂದಿನ ಕರ್ತವ್ಯ.

ಚಾವಣಿಯ ಮೇಲೆ ಒಂದಿಂಚಿನ ದಟ್ಟ ಥರ್ಮಾಕೋಲ್ ಹಾಸಿ, ನೀರು ಇಳಿಯದಂತೆ ಮಾಡಿ, ಬಿಳಿಯ ಹೆಂಚಿನ ಚೂರುಗಳಿಂದ ಮುಚ್ಚಿದರೆ ಯು-ಮೌಲ್ಯವು ಒಂದರ ಸಮೀಪಕ್ಕಿಳಿದು ಸಂಹಿತೆಯ ನಿಯಮ ಪಾಲಿತವಾಗುತ್ತದೆ. ಎರಡಿಂಚು ಹಾಸಿದರೆ 0.6ಕ್ಕೆ ಇಳಿಯುತ್ತದೆ. ಗೋಡೆಗೆ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಬೆಳೆಸಿದ ಒತ್ತುಮಣ್ಣಿನ ಇಟ್ಟಿಗೆ ಯೋಗ್ಯ. ಆದರೆ ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಮಣ್ಣು ಅದಕ್ಕೆ ಒಗ್ಗದಾದುದರಿಂದ ಕೆಮ್ಮಣ್ಣನ್ನೇ ಆರಿಸಬೇಕು, ಬುನಾದಿಯನ್ನೂ ಆ ನೆಲದ ಸ್ವಭಾವವನ್ನರಿತೇ ಹಾಕಬೇಕು. ಚೌಕಟ್ಟು-ಗೋಡೆಗಳ ಸಂದುಗಳನ್ನು ಮುಚ್ಚಿ, ಹೊರನೆರಳುಳ್ಳ, ಬಿಗಿಯಾಗಿ ಮುಚ್ಚುವ ಕಿಟಕಿಗಳನ್ನು ಎದುರುಬದುರಾಗಿ ಇಡತಕ್ಕದ್ದು. ಹಗಲು ಮುಚ್ಚಿ, ರಾತ್ರಿ ತೆರೆಯತಕ್ಕದ್ದು. ಅಡಿಗೆಮನೆಯಲ್ಲಿ ಅನಿಲದ ಒಲೆಯಿದ್ದರೂ ಹೊರಗೆ ಗಾಳಿ ದೂಡುವ ವ್ಯವಸ್ಥೆ ಅನಿವಾರ್ಯ. ಕಟ್ಟಿಗೆಯ ಒಲೆ ಇರುವ ತನಕ ಮನೆಯನ್ನು ಬಿಗಿಯಾಗಿ ಬಂಧಿಸುವ ಕೆಲಸಕ್ಕೆ ಕೈಹಾಕಲೇಬಾರದು. ಹೊಗೆಯ ನಿವಾರಣೆ ಮೊದಲು, ಚಾವಣಿಯ ಉಷ್ಣನಿರೋಧ ಅನಂತರ, ಸಂದುಗಳ ಬಂಧ ಕಡೆಗೆ. ಈ ಅನುಕ್ರಮವು ಪಾಲಿತವಾದರೆ, ಯಂತ್ರದ ತಂಪನ್ನು ಬೇಡದ ಮನೆಯು ಈ ಸೀಮೆಯಲ್ಲಿ ಸಾಧ್ಯವೆಂಬುದನ್ನು ಮೇಲಿನ ಗಣನೆಗಳು ಸೂಚಿಸುತ್ತವೆ.