ಮೈಸೂರು ಸೀಮೆಯ ಫುಟ್‌ಬಾಲ್: ದಂಡಿನ ಮೈದಾನದಿಂದ ರಿಯಾದ್‌ವರೆಗೆ

ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ನಾಲ್ಕು ದಶಕ ದಾಟಿದರೂ ಅದು ಬ್ರಿಟಿಷ್ ಸೈನ್ಯದ ತಂಡಗಳ ಕೈತಪ್ಪಿರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದು, ಆ ಕಪ್ ಎತ್ತಿದ ಮೊದಲ ಭಾರತೀಯ ನಾಗರಿಕ ತಂಡ ಎನಿಸಿಕೊಂಡಿತು. ಮರುವರ್ಷವೂ ಗೆದ್ದಿತು, 1948ರಲ್ಲಿ ಮತ್ತೊಮ್ಮೆ. ಕರ್ನಾಟಕದ ಫುಟ್‌ಬಾಲ್ ಚರಿತ್ರೆಯ ಮೊದಲ ದೊಡ್ಡ ಹೆಸರು ಈ ಕ್ಲಬ್ಬಿನದು.

ಈ ಆಟ ಇಲ್ಲಿ ಬೇರು ಬಿಟ್ಟದ್ದಕ್ಕೆ ಕಾರಣ ದಂಡು. 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನಲ್ಲಿ ಸೈನಿಕರು ಸಂಜೆ ಹೊತ್ತು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ನೋಡಿ ಕಲಿತರು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಗೌತಮಪುರ, ಶಿವಾಜಿನಗರ ಈ ಕೆಲವೇ ಕೇರಿಗಳು ದೇಶಕ್ಕೆ ಕೊಟ್ಟ ಆಟಗಾರರ ಪಟ್ಟಿ ದೊಡ್ಡದು. ದಖನಿ ಮಾತಾಡುವ ಮುಸ್ಲಿಮರು, ತಮಿಳು ಕೂಲಿಕಾರ ಕುಟುಂಬಗಳು, ಆಂಗ್ಲೋ ಇಂಡಿಯನ್ನರು, ಕನ್ನಡಿಗರು ಎಲ್ಲರೂ ಒಂದೇ ಮೈದಾನದಲ್ಲಿ ಬೆರೆತರು. ಬೂಟು ಕೊಳ್ಳುವ ಶಕ್ತಿ ಇರಲಿಲ್ಲ. ಬರಿಗಾಲಿನಲ್ಲೇ ಆಡಿ, ಚೆಂಡನ್ನು ಬೆರಳುಗಳಲ್ಲಿ ಹಿಡಿದಿಟ್ಟುಕೊಳ್ಳುವ ಚಳಕವನ್ನು ರೂಢಿಸಿಕೊಂಡರು. ಗೌತಮಪುರದವರಿಗೆ ಈ ಆಟದ ಮೇಲಿನ ಪ್ರೀತಿ ಎಷ್ಟೆಂದರೆ, ಅಂಬೇಡ್ಕರ್, ಬುದ್ಧರ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ.

ರಾಜ್ಯ ತಂಡಗಳ ನಡುವಣ ಸಂತೋಷ್ ಟ್ರೋಫಿ ಪಂದ್ಯಾವಳಿ 1946-47ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಫೈನಲ್‌ನಲ್ಲಿ ಬಂಗಾಳವನ್ನು ಸೋಲಿಸಿ ಮೈಸೂರು ಗೆದ್ದಿತು. ಅದರ ಫಲ ಮುಂದಿನ ವರ್ಷ ಲಂಡನ್ ಒಲಿಂಪಿಕ್ಸ್ ತಂಡದಲ್ಲಿ ಕಂಡಿತು. ಗೋಲ್‌ಕೀಪರ್ ಕೆ.ವಿ. ವರದರಾಜ್, ವಜ್ರವೇಲು, ಬಷೀರ್, ಧನರಾಜ್, ಸಾರಂಗಪಾಣಿ ರಾಮನ್, ಅಹ್ಮದ್ ಖಾನ್ ಇವರೆಲ್ಲ ಮೈಸೂರಿನ ಆಟಗಾರರು. 1948ರ ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ಎದುರು ಭಾರತ ಇಳಿದಾಗ ತಂಡದ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಒಂದು ಗೋಲು ಹಿಂದಿದ್ದ ಭಾರತಕ್ಕೆ ಎಪ್ಪತ್ತನೇ ನಿಮಿಷದಲ್ಲಿ ರಾಮನ್ ಸಮಬಲ ತಂದುಕೊಟ್ಟರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪಿ, ಪಂದ್ಯ ಮುಗಿಯುವ ಹೊತ್ತಿಗೆ ಫ್ರಾನ್ಸ್ 2-1ರಿಂದ ಗೆದ್ದಿತು. ಭಾರತದ ಆ ಮೊದಲ ಗೋಲು ಹೊಡೆದ ರಾಮನ್ ಹೆಸರು ಇಂದಿನ ಕನ್ನಡ ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತು? ಶಾಲೆಯ ಮಕ್ಕಳು ಕಲಿಯಬೇಕಾದ ಹೆಸರು ಅದು.

ಈ ಪೀಳಿಗೆಯಲ್ಲಿ ಎಲ್ಲರಿಗಿಂತ ಎತ್ತರದ ಆಟಗಾರ ಅಹ್ಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರದು ಫುಟ್‌ಬಾಲಿನ ಮನೆತನ. ಮುಂಚೂಣಿಯಲ್ಲಿ ಆಡುತ್ತ, ಎದುರಾಳಿಗಳ ನಡುವೆ ಚೆಂಡನ್ನು ಪಾದಕ್ಕೆ ಅಂಟಿಸಿಕೊಂಡವರಂತೆ ನುಸುಳುತ್ತಿದ್ದ ಅವರಿಗೆ ಹಾವಾಡಿಗನೆಂಬ ಬಿರುದೇ ಬಂತು. 1949ರಲ್ಲಿ ಕೊಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಹತ್ತು ವರ್ಷ ಅಲ್ಲೇ ಆಡಿದರು. ಅಹ್ಮದ್ ಖಾನ್, ವೆಂಕಟೇಶ್, ಧನರಾಜ್, ಅಪ್ಪಾರಾವ್, ಸಾಲೆ ಈ ಐವರನ್ನು ಬಂಗಾಳದ ಜನ ಪಂಚಪಾಂಡವರೆಂದು ಕರೆದರು. ಅವರಲ್ಲಿ ಅಹ್ಮದ್, ಧನರಾಜ್ ಮೈಸೂರಿನ ಕಡೆಯವರು. ಈಸ್ಟ್ ಬೆಂಗಾಲ್ 1949ರಿಂದ 1951ರವರೆಗೆ ಸತತ ಮೂರು ಬಾರಿ ಐಎಫ್ಎ ಶೀಲ್ಡ್ ಗೆದ್ದದ್ದು ಇವರ ಬಲದಿಂದ. 1951ರ ದೆಹಲಿ ಏಷ್ಯನ್ ಗೇಮ್ಸ್ ಚಿನ್ನದಲ್ಲೂ ಅಹ್ಮದ್ ಪಾಲಿದೆ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಯುಗೊಸ್ಲಾವಿಯ 10-1ರಿಂದ ಭಾರತವನ್ನು ಸದೆಬಡಿದಾಗ ಭಾರತದ ಆ ಒಂದು ಗೋಲು ಅವರದೇ. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಬರಿಗಾಲಿನ ಕಾಲ ಮುಗಿಯಿತು. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಕಲಿಯುವುದು ಬೆಂಗಳೂರಿನಲ್ಲಿ, ಹೆಸರು ಮಾಡುವುದು ಕೊಲ್ಕತ್ತದಲ್ಲಿ ಎಂಬ ದಾರಿ ಅಲ್ಲಿಂದ ಖಾಯಂ ಆಯಿತು. ಅಲ್ಲಿ ಸಂಬಳವಿತ್ತು, ಲಕ್ಷಗಟ್ಟಲೆ ಅಭಿಮಾನಿಗಳಿದ್ದರು, ಪತ್ರಿಕೆಗಳು ಬರೆಯುತ್ತಿದ್ದವು. ಮಧ್ಯಪಂಕ್ತಿಯ ಕೆಂಪಯ್ಯ 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್ ತಂಡಗಳಲ್ಲಿದ್ದರು. ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಕೆಂಪಯ್ಯನವರನ್ನು ಕೊಲ್ಕತ್ತದ ಮೋಹನ್ ಬಾಗಾನ್ ಕ್ಲಬ್ ಕರೆಸಿಕೊಂಡಿತು. ಅರುಮೈನಾಯಗಂ 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. ನಟರಾಜ್ 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನ ಕಂಚಿನ ತಂಡದವರು. ಭಾರತ ಏಷ್ಯನ್ ಕಪ್‌ಗೆ ಅರ್ಹತಾ ಪಂದ್ಯಗಳನ್ನಾಡಿ ಹೋದ 1984ರ ತಂಡದಲ್ಲಿ ಬಾಬು ಮಣಿ ಇದ್ದರು. ಅವರೂ ಕೊಲ್ಕತ್ತದ ದೊಡ್ಡ ಕ್ಲಬ್ಬುಗಳಲ್ಲೇ ಬೆಳೆದವರು.

ಮಿಕ್ಕ ಆಟಗಾರರನ್ನು ಊರಲ್ಲೇ ಉಳಿಸಿದ್ದು ಸಾರ್ವಜನಿಕ ವಲಯದ ಕಾರ್ಖಾನೆಗಳು. ಎಚ್ಎಎಲ್, ಐಟಿಐ ಮುಂತಾದವು ಆಟದ ಕೋಟಾದಲ್ಲಿ ಕೆಲಸ ಕೊಟ್ಟವು. ಪಾಳಿ ಮುಗಿಸಿ ಅಭ್ಯಾಸಕ್ಕೆ ಹೋದರೂ ತಿಂಗಳ ಸಂಬಳ, ನಿವೃತ್ತಿಯ ಭದ್ರತೆ ಇದ್ದದ್ದರಿಂದ ಬಡ ಕುಟುಂಬಗಳಿಗೆ ಫುಟ್‌ಬಾಲ್ ಒಂದು ಜೀವನೋಪಾಯವಾಯಿತು. 1952-53ರ ಗೆಲುವಿನ ನಂತರ 1967-68 ಮತ್ತು 1968-69ರಲ್ಲಿ ಮೈಸೂರು ಸತತ ಎರಡು ಬಾರಿ ಸಂತೋಷ್ ಟ್ರೋಫಿ ಗೆದ್ದದ್ದು ಈ ಕಾಲದಲ್ಲಿ. ನಾಲ್ಕು ಗೆಲುವುಗಳಲ್ಲೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ದೇಶದ ಕ್ಲಬ್ಬುಗಳಿಗಾಗಿ 1977ರಲ್ಲಿ ಶುರುವಾದ ಫೆಡರೇಷನ್ ಕಪ್‌ನ ಮೊದಲ ವರ್ಷ ಐಟಿಐ, ಮೋಹನ್ ಬಾಗಾನನ್ನು ಮಣಿಸಿ ಪ್ರಶಸ್ತಿ ತಂದಿತು. ಕಾರ್ಖಾನೆಯ ತಂಡವೊಂದು ಗಳಿಸಿದ ಈ ಗೆಲುವಿಗೆ ಸಿಗಬೇಕಾದಷ್ಟು ಗೌರವ ಇನ್ನೂ ಸಿಕ್ಕಿಲ್ಲ.

1990ರ ದಶಕದ ನಾಯಕ ಕಾರ್ಲ್‌ಟನ್ ಚಾಪ್‌ಮನ್. ಆಸ್ಟಿನ್ ಟೌನಿನ ಈ ಹುಡುಗ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ ಈಸ್ಟ್ ಬೆಂಗಾಲ್ ಸೇರಿದರು. 1993ರ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಹ್ಯಾಟ್ರಿಕ್ ಹೊಡೆದರು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ ತಂಡದಲ್ಲಿದ್ದರು, 2000-01ರಲ್ಲಿ ಈಸ್ಟ್ ಬೆಂಗಾಲ್‌ನ ನಾಯಕರಾಗಿ ಅದೇ ಲೀಗ್ ಗೆದ್ದರು. ಭಾರತ ತಂಡದ ನಾಯಕತ್ವವನ್ನೂ ವಹಿಸಿದರು. 2020ರ ಅಕ್ಟೋಬರ್‌ನಲ್ಲಿ, 49ರ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಅವರ ನಂತರ ಎಸ್. ವೆಂಕಟೇಶ್, ನೋಯೆಲ್ ವಿಲ್ಸನ್ ಬೆಂಗಳೂರಿನಿಂದ ಭಾರತ ತಂಡಕ್ಕೆ ಹೋದರು.

ರಾಜಧಾನಿಯಾಚೆ ಆಟ ಇಷ್ಟು ಹರಡಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್‌ಗಿರುವ ನೆಲೆ ಫುಟ್‌ಬಾಲಿಗಿಲ್ಲ. ಎದ್ದುಕಾಣುವ ಅಪವಾದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಮತ್ತು ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ಶಿಬಿರಗಳು. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಬಂದು ನೆಲೆಸಿದ ಸಮುದಾಯದ ಹುಡುಗರಿಗೆ ಫುಟ್‌ಬಾಲೇ ಮುಖ್ಯ ಆಟ. ನಿರಾಶ್ರಿತ ಶಿಬಿರಗಳ ಆಟಗಾರರನ್ನು ಕೂಡಿಸಿ ಕಟ್ಟಿದ ಟಿಬೆಟ್ ತಂಡ 2018ರಲ್ಲಿ ಲಂಡನ್ನಿನಲ್ಲಿ ನಡೆದ, ಫಿಫಾ ಹೊರಗಿನ ತಂಡಗಳ ವಿಶ್ವಕಪ್‌ನಲ್ಲಿ ಆಡಿತು. ಹತ್ತಿರದಲ್ಲೇ ಮೈದಾನಗಳಿದ್ದರೂ ಸುತ್ತಲಿನ ಕನ್ನಡ ಶಾಲೆಗಳಿಗೆ ಈ ಉತ್ಸಾಹ ದಾಟದೆ ಉಳಿದದ್ದು ಬೇಸರದ ಸಂಗತಿ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ ಹರಿವು ತಿರುಗಿತು. ಮೊದಲ ವರ್ಷವೇ ಐ-ಲೀಗ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್, 2018-19ರಲ್ಲಿ ಐಎಸ್ಎಲ್ ಪ್ರಶಸ್ತಿ. ಸುನಿಲ್ ಚೆಟ್ರಿಯಂಥ ಹೊರಗಿನ ಆಟಗಾರರು ಕಂಠೀರವ ಕ್ರೀಡಾಂಗಣವನ್ನು ತಮ್ಮ ಮನೆಯಾಗಿಸಿಕೊಂಡರು. ಆದರೂ ಸ್ಥಳೀಯ ಹುಡುಗರಿಗೆ ಈ ಬಗೆಯ ಕ್ಲಬ್ಬಿನಲ್ಲಿ ಜಾಗ ಸಿಗುವುದು ಸುಲಭವಲ್ಲ; ಅವರ ನಿಜವಾದ ಪಾಠಶಾಲೆ ಇಂದಿಗೂ ಬೆಂಗಳೂರು ಜಿಲ್ಲಾ ಲೀಗ್.

1973ರಲ್ಲಿ ರಾಜ್ಯದ ಹೆಸರು ಬದಲಾಯಿತು. ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಬಾರಿ ಬಂದ ಸಂತೋಷ್ ಟ್ರೋಫಿ ಕರ್ನಾಟಕ ಎಂಬ ಹೆಸರಿನಲ್ಲಿ ಒಮ್ಮೆಯೂ ಬಂದಿರಲಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್ ಗೋಲು ಹೊಡೆದರು. ಮೇಘಾಲಯವನ್ನು 3-2ರಿಂದ ಸೋಲಿಸಿದ ಕರ್ನಾಟಕ 54 ವರ್ಷಗಳ ನಂತರ ಟ್ರೋಫಿಯನ್ನು ಮನೆಗೆ ತಂದಿತು.